ಸ್ಯಾಮ್ಯುಯೆಲ್ ಪೀಪ್ಸನ ಗೂಢ ದಿನಚರಿ

ಆಂಗ್ಲ ಸಾಹಿತ್ಯದ ಚರಿತ್ರೆಯನ್ನು ಓದಿದವರಿಗೆ ಸ್ಯಾಮ್ಯುಯೆಲ್ ಪೀಪ್ಸನ ಹೆಸರು ಹೊಸದಲ್ಲ. ಆದರೆ ಆತನು ಕವಿಯಲ್ಲ, ನಾಟಕಕಾರನಲ್ಲ. ಸಾಹಿತಿಯೆನಿಸಿಕೊಳ್ಳಬೇಕೆಂದು ಹಂಬಲಿಸಿದವನೂ ಅಲ್ಲ. ಆತನೊಬ್ಬ ಸರಕಾರಿ ನೌಕರ. ಹಡಗುಗಳಿಗೆ ಬೇಕಾದ ಮರ, ಹಗ್ಗ, ಡಾಂಬರು, ಹಾಯಿಬಟ್ಟೆ, ನಾವಿಕರ ಸಂಬಳ ಇವುಗಳ ಲೆಕ್ಕಪತ್ರಗಳ ನಡುವೆ ಬಾಳನ್ನು ಸವೆಸಿದವನು. ಹೀಗಿದ್ದೂ ಒಂಬತ್ತು ವರ್ಷಗಳಿಗೆ ಸ್ವಲ್ಪ ಮಿಕ್ಕ ಕಾಲ ತನ್ನ ಒಂದೊಂದು ದಿನದ ವಿವರವನ್ನೂ ಪುಸ್ತಕದಲ್ಲಿ ಬರೆದಿಟ್ಟನು. ಅದನ್ನು ಯಾರಿಗೂ ತೋರಿಸಲಿಲ್ಲ. ಕಣ್ಣಿಗೆ ಬಿದ್ದರೂ ಮನೆಮಂದಿಗೆ ಓದಲು ಬಾರದಂತೆ ಬರೆದನು. ಆತನು ಸತ್ತು ನೂರಿಪ್ಪತ್ತು ವರ್ಷಗಳು ಕಳೆದ ಮೇಲೆ ಲೋಕವು ಅದನ್ನು ಓದಿ ಬೆರಗಾಯಿತು.

ಮೂರೂವರೆ ಶತಮಾನದ ಹಿಂದಿನ ಈ ಮನುಷ್ಯನ ಕಥೆ ಈಗೇಕೆಂದು ವಾಚಕರು ಕೇಳಬಹುದು. ಇಂದು ನಮ್ಮೆಲ್ಲರ ಬಾಳಿನ ವಿವರಗಳು, ಬ್ಯಾಂಕಿನ ಲೆಕ್ಕದಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ, ಎಲ್ಲೋ ದೂರದ ಊರಿನ ಯಂತ್ರಗಳಲ್ಲಿ, ಕ್ಲೌಡ್ ಎಂದು ಕರೆಯುವ ಬಾಡಿಗೆಯ ಉಗ್ರಾಣಗಳಲ್ಲಿ ಕುಳಿತಿವೆ. ಅಲ್ಲಿ ಡೇಟಾಬೇಸನ್ನು ಇಡುವವನ ಮುಂದೆ ಮೊಟ್ಟಮೊದಲು ಬರುವ ಪ್ರಶ್ನೆಗಳಲ್ಲಿ ಒಂದು ಇದು: ಸುಮ್ಮನೆ ಇಟ್ಟಿರುವ ಬರಹವನ್ನು ಗೂಢಲಿಪಿಯ ಮುಸುಕಿನಲ್ಲಿ ಇಡಬೇಕೆ, ಬಿಚ್ಚಾಗಿ ಇಡಬೇಕೆ? ಈ ಪ್ರಶ್ನೆಯನ್ನು ಬಾತುಕೋಳಿಯ ಗರಿಯ ಲೇಖನಿಯ ಕಾಲದಲ್ಲಿಯೇ ಎದುರಿಸಿ, ಒಮ್ಮೆ ಒಂದು ರೀತಿಯಾಗಿ, ಇನ್ನೊಮ್ಮೆ ಇನ್ನೊಂದು ರೀತಿಯಾಗಿ ಉತ್ತರಿಸಿದವನು ಪೀಪ್ಸ್. ಆ ಉತ್ತರಗಳ ಬೆಲೆಯೇನೆಂಬುದೂ ಆತನ ಚರಿತ್ರೆಯಲ್ಲಿ ದಾಖಲಾಗಿದೆ.

ಪೀಪ್ಸನು 1633ನೆಯ ಇಸವಿ ಫೆಬ್ರವರಿ 23ರಂದು ಲಂಡನ್ ನಗರದಲ್ಲಿ, ಫ್ಲೀಟ್ ಬೀದಿಯ ಪಕ್ಕದ ಸಾಲ್ಸ್‌ಬರಿ ಕೋರ್ಟ್ ಎಂಬಲ್ಲಿ ಹುಟ್ಟಿದನು. ತಂದೆ ಜಾನ್ ಪೀಪ್ಸ್ ದರ್ಜಿ. ತಾಯಿ ಮಾರ್ಗರೆಟ್ ಕಸಾಯಿಯವನೊಬ್ಬನ ಮನೆತನದವಳು. ಮನೆಯಲ್ಲಿ ಸಿರಿಯಿರಲಿಲ್ಲವಾದರೂ ನಂಟಸ್ತಿಕೆಯ ಬಲವಿತ್ತು. ಎಡ್ವರ್ಡ್ ಮಾಂಟೆಗು ಎಂಬ ಪ್ರಬಲ ಬಂಧುವು ಮುಂದೆ ಸ್ಯಾಂಡ್‌ವಿಚ್ಚಿನ ಅರ್ಲ್ ಪದವಿಗೇರಿದನು. ಪೀಪ್ಸನ ಏಳಿಗೆಗೆ ಆತನ ಆಶ್ರಯವೇ ಮೊದಲ ಮೆಟ್ಟಿಲು. ಹಂಟಿಂಗ್‌ಡನ್ನಿನ ಶಾಲೆ, ಲಂಡನ್ನಿನ ಸಂತ ಪಾಲರ ಶಾಲೆ, ತರುವಾಯ ಕೇಂಬ್ರಿಜ್ಜಿನ ಮಾಡ್ಲಿನ್ ಕಾಲೇಜು, ಹೀಗೆ ವಿದ್ಯಾಭ್ಯಾಸ ಸಾಗಿತು. 1654ರಲ್ಲಿ ಬಿ. ಎ. ಪದವಿಯಾಯಿತು.

ಶಾಲಾ ದಿನಗಳ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1649ರ ಜನವರಿ 30ರಂದು ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾದಾಗ ಹದಿನಾರು ತುಂಬದ ಪೀಪ್ಸನು ಆ ಗುಂಪಿನಲ್ಲಿದ್ದನು. ಆಗ ಆತನು ಕಡು ಪ್ರಜಾಪಕ್ಷದವನು. ದುಷ್ಟನ ನೆನಪು ಕೊಳೆತುಹೋಗುವುದೆಂಬ ಅರ್ಥದ ಬೈಬಲ್ ವಾಕ್ಯವನ್ನು ಹಿಡಿದು ದೊರೆಯ ಮೇಲೆ ಪ್ರವಚನ ಮಾಡಬಹುದೆಂದು ಹುಡುಗಾಟಿಕೆಯಿಂದ ಆಡಿಬಿಟ್ಟನು. ಕಾಲಚಕ್ರ ತಿರುಗಿತು. 1660ರಲ್ಲಿ ಸತ್ತ ದೊರೆಯ ಮಗನು ಸಿಂಹಾಸನಕ್ಕೆ ಮರಳಿದನು. ಪೀಪ್ಸನು ಆ ಹೊಸ ದೊರೆಯ ನೌಕರನಾದನು. ಅದೇ ವರ್ಷ ನವೆಂಬರಿನಲ್ಲಿ ಊಟದ ಪಂಕ್ತಿಯೊಂದರಲ್ಲಿ ಹಳೆಯ ಸಹಪಾಠಿಯೊಬ್ಬನು ಎದುರಾದಾಗ, ಆ ಹಳೆಯ ಮಾತು ಇವನ ನೆನಪಿನಲ್ಲಿ ಇದ್ದೀತೆ ಎಂದು ಪೀಪ್ಸನು ಒಳಗೊಳಗೇ ಬೆವರಿದನು. ಬಾಯಿಂದ ಜಾರಿದ ಮಾತಿಗೇ ಹೀಗೆ ಅಂಜುವ ಕಾಲದಲ್ಲಿ ಬರೆದಿಟ್ಟ ಮಾತಿಗೆ ಎಷ್ಟು ಅಂಜಬೇಕು?

1655ರಲ್ಲಿ ಆತನು ಎಲಿಜಬೆತ್ ಎಂಬ ಫ್ರೆಂಚ್ ವಂಶದ ಹುಡುಗಿಯನ್ನು ಮದುವೆಯಾದನು. ಆಕೆಗಿನ್ನೂ ಹದಿನೈದು ತುಂಬುತ್ತಿದ್ದ ವಯಸ್ಸು. ಕೈಯಲ್ಲಿ ಕಾಸಿಲ್ಲದ ಪ್ರೇಮವಿವಾಹ. ಎಳವೆಯಿಂದ ಪೀಪ್ಸನನ್ನು ಮೂತ್ರಕೋಶದ ಕಲ್ಲು ಕಾಡುತ್ತಿತ್ತು. 1658ರ ಮಾರ್ಚ್ 26ರಂದು ಥಾಮಸ್ ಹಾಲಿಯರ್ ಎಂಬ ಶಸ್ತ್ರವೈದ್ಯನು, ಮತ್ತು ಬರಿಸುವ ಔಷಧವೇ ಇಲ್ಲದ ಆ ಕಾಲದಲ್ಲಿ, ಟೆನಿಸ್ ಚೆಂಡಿನ ಗಾತ್ರದ ಕಲ್ಲನ್ನು ಕೊಯ್ದು ತೆಗೆದನು. ಬದುಕಿ ಉಳಿದದ್ದೇ ಪವಾಡ. ಪೀಪ್ಸನು ಆ ಕಲ್ಲನ್ನು ಬಿಸಾಡದೆ ಅದಕ್ಕೊಂದು ಪೆಟ್ಟಿಗೆ ಮಾಡಿಸಿ ಇಟ್ಟುಕೊಂಡನು. ವರ್ಷವರ್ಷವೂ ಮಾರ್ಚ್ 26ರಂದು ಗೆಳೆಯರಿಗೆ ಊಟ ಹಾಕಿಸುವ ಸಂಕಲ್ಪ ಮಾಡಿದನು. ಯಾವುದನ್ನೂ ಕಳೆದುಕೊಳ್ಳಲು ಒಪ್ಪದ ಮನುಷ್ಯ! ದಿನಚರಿಯ ಬೀಜವು ಈ ಸ್ವಭಾವದಲ್ಲಿಯೇ ಇತ್ತೆಂದು ನನಗೆ ತೋರುತ್ತದೆ.

1660ರ ಜನವರಿ 1ರಂದು, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ವೆಸ್ಟ್‌ಮಿನ್‌ಸ್ಟರಿನ ಆಕ್ಸ್ ಯಾರ್ಡ್ ಎಂಬಲ್ಲಿನ ಸಣ್ಣ ಮನೆಯಲ್ಲಿ ಪೀಪ್ಸನು ದಿನಚರಿಯನ್ನು ಆರಂಭಿಸಿದನು. ಆರಂಭದಿಂದಲೇ ಶೀಘ್ರಲಿಪಿ. ಅದು ಆತನ ಸ್ವಂತ ಕಲ್ಪನೆಯಲ್ಲ. ಥಾಮಸ್ ಶೆಲ್ಟನ್ ಎಂಬಾತನು ರೂಪಿಸಿ ಅಚ್ಚು ಹಾಕಿಸಿದ್ದ ಪದ್ಧತಿಯದು. ವಿದ್ಯಾರ್ಥಿಗಳು ಪ್ರವಚನಗಳನ್ನು ಬರೆದುಕೊಳ್ಳಲು ಕಲಿಯುತ್ತಿದ್ದರು. ಅದರಲ್ಲಿ ಒಂದೊಂದು ವ್ಯಂಜನಕ್ಕೂ ಒಂದೊಂದು ಸಣ್ಣ ಗೀರು. ನಡುವಣ ಸ್ವರವನ್ನು ಬರೆಯುವುದೇ ಇಲ್ಲ, ಮುಂದಿನ ವ್ಯಂಜನವನ್ನು ಹಿಂದಿನದರ ಮೇಲೋ, ಪಕ್ಕಕ್ಕೋ, ಕೆಳಗೋ ಇಡುವ ಜಾಗದಿಂದಲೇ ಸ್ವರ ತಿಳಿಯಬೇಕು. ಕಾಗುಣಿತ ಬಲ್ಲ ಕನ್ನಡಿಗನಿಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣದು. ಇದಲ್ಲದೆ ಸುಮಾರು ಮುನ್ನೂರು ಇಡೀ ಪದಗಳಿಗೆ ಪ್ರತ್ಯೇಕ ಸಂಜ್ಞೆಗಳು. ಅವನ್ನು ಬಾಯಿಪಾಠ ಮಾಡಿಯೇ ತೀರಬೇಕು.

ಹಾಗಾದರೆ ಇದು ನಿಜವಾದ ಗೂಢಲಿಪಿಯೇ? ಕಟ್ಟುನಿಟ್ಟಾಗಿ ಹೇಳುವುದಾದರೆ ಅಲ್ಲ. ಕೈಪಿಡಿ ಪುಸ್ತಕದಂಗಡಿಯಲ್ಲಿ ಸಿಗುತ್ತಿತ್ತು. ಐಸಾಕ್ ನ್ಯೂಟನ್ನನು ತನ್ನ ತಾರುಣ್ಯದಲ್ಲಿ, 1662ರಲ್ಲಿ, ತನ್ನ ಪಾಪಗಳ ಪಟ್ಟಿಯನ್ನು ಬರೆದುಕೊಂಡದ್ದು ಇದೇ ಶೆಲ್ಟನ್ನನ ಲಿಪಿಯಲ್ಲಿ. ಊರ ಹೊರಗಿನ ಜಾಣ ವೈರಿಯನ್ನು ಈ ಮುಸುಕು ತಡೆಯಲಾರದು. ಆದರೆ ಪೀಪ್ಸನಿಗೆ ಬೇಕಾಗಿದ್ದುದು ಅದಲ್ಲ. ಮನೆಯೊಳಗೆ ಓಡಾಡುವ ಹೆಂಡತಿ, ಆಳುಕಾಳು, ಮೇಜಿನ ಮೇಲೆ ಇಣುಕುವ ಗುಮಾಸ್ತ ಇವರ ಕಣ್ಣಿಗೆ ಮರೆ ಬೇಕಾಗಿತ್ತು. ಅಷ್ಟಕ್ಕೆ ಶೆಲ್ಟನ್ನನ ಗೀರುಗಳು ಸಾಕಾಗಿದ್ದವು. ಯಾರಿಂದ ಮುಚ್ಚಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಬೀಗವನ್ನು ಆರಿಸಿದ ಲೆಕ್ಕಾಚಾರ ಇದು. ಇನ್ನೊಂದು ವಿಶೇಷ: ಜನರ ಮತ್ತು ಊರುಗಳ ಹೆಸರುಗಳನ್ನು ಆತನು ಬಹುಮಟ್ಟಿಗೆ ಸಾಮಾನ್ಯ ಅಕ್ಷರಗಳಲ್ಲಿಯೇ ಬರೆದನು. ಪುಟವನ್ನು ತೆರೆದವನಿಗೆ ಯಾರ ವಿಷಯವೆಂಬುದು ಕಾಣುತ್ತಿತ್ತು, ಏನು ವಿಷಯವೆಂಬುದು ಕಾಣುತ್ತಿರಲಿಲ್ಲ. ಇದು ಅಜಾಗರೂಕತೆಯೇ ಸರಿ.

ದಿನಚರಿ ಆರಂಭವಾದ ಕೆಲವೇ ತಿಂಗಳಲ್ಲಿ ಅದೃಷ್ಟ ತೆರೆಯಿತು. ಹಾಲೆಂಡಿನಿಂದ ಎರಡನೆಯ ಚಾರ್ಲ್ಸ್ ದೊರೆಯನ್ನು ಕರೆತರಲು ಹೋದ ಹಡಗಿನಲ್ಲಿ ಮಾಂಟೆಗುವಿನ ಕಾರ್ಯದರ್ಶಿಯಾಗಿ ಪೀಪ್ಸನೂ ಹೋದನು. ಮರಳಿ ಬಂದ ಮೇಲೆ ನೌಕಾ ಮಂಡಲಿಯ ದಾಖಲೆಗಳ ಅಧಿಕಾರಿಯಾಗಿ ನೇಮಕಗೊಂಡನು. ವರ್ಷಕ್ಕೆ 350 ಪೌಂಡು ಸಂಬಳ, ಸೀದಿಂಗ್ ಲೇನಿನಲ್ಲಿ ಸರಕಾರಿ ಮನೆ. ಹಡಗೆಂದರೆ ಏನೆಂದು ಅರಿಯದವನು ಹಡಗಿನ ಇಲಾಖೆಗೆ ಬಂದಿದ್ದನು. 1662ರ ಜುಲೈ ತಿಂಗಳಲ್ಲಿ, ಕೇಂಬ್ರಿಜ್ಜಿನ ಪದವೀಧರನಾದ ಈತನು, ಹಡಗಿನ ನೌಕರನೊಬ್ಬನನ್ನು ಗುರುವಾಗಿಟ್ಟುಕೊಂಡು ಬೆಳಗಿನ ಜಾವ ನಾಲ್ಕು ಗಂಟೆಗೆದ್ದು ಮಗ್ಗಿಯನ್ನು ಕಲಿತನು! ಆತನ ಕಾಲದ ವಿಶ್ವವಿದ್ಯಾನಿಲಯ ಲ್ಯಾಟಿನ್ನನ್ನು ಕಲಿಸಿತ್ತೇ ಹೊರತು ಗುಣಾಕಾರವನ್ನು ಕಲಿಸಿರಲಿಲ್ಲ. ಮರದ ದಿಮ್ಮಿಯನ್ನು ಅಳೆಯುವುದು, ಹಗ್ಗದ ಗುಣವನ್ನು ಪರೀಕ್ಷಿಸುವುದು, ಗುತ್ತಿಗೆದಾರರ ಬೆಲೆಗಳನ್ನು ಹೋಲಿಸುವುದು ಎಲ್ಲವನ್ನೂ ಕಲಿತನು. ಕೆಲವೇ ವರ್ಷಗಳಲ್ಲಿ ಆ ಮಂಡಲಿಯಲ್ಲಿ ಈತನಿಗೆ ಸಮನಾದ ಕೆಲಸಗಾರನಿರಲಿಲ್ಲ.

ದುಡಿಮೆಯೊಡನೆ ಮೇಜಿನ ಕೆಳಗಿನ ಸಂಪಾದನೆಯೂ ಇತ್ತು. 1663ರ ಏಪ್ರಿಲಿನಲ್ಲಿ ಹಡಗುಗಳನ್ನು ಗೊತ್ತುಪಡಿಸಿದ್ದಕ್ಕೆ ಪ್ರತಿಯಾಗಿ ಒಬ್ಬ ಕಪ್ತಾನನು ಹಣವಿಟ್ಟ ಲಕೋಟೆಯನ್ನು ಕೊಟ್ಟನು. ಪೀಪ್ಸನು ಅದನ್ನು ಕಚೇರಿಗೆ ತಂದು ಒಡೆದು, ಕಾಗದದ ಮೇಲೆ ಕಣ್ಣಿಡದೆ ಮೊದಲು ಹಣವನ್ನೆಲ್ಲ ಹೊರಗೆ ಸುರಿದನು. ಮುಂದೆ ಯಾರಾದರೂ ವಿಚಾರಣೆ ಮಾಡಿದರೆ ಕಾಗದದಲ್ಲಿ ಹಣವನ್ನು ನೋಡಲಿಲ್ಲವೆಂದು ಆಣೆ ಮಾಡಿ ಹೇಳಬಹುದಷ್ಟೆ! ಮರುವರ್ಷ ಮರದ ವ್ಯಾಪಾರಿ ವಾರೆನ್ ಎಂಬವನು ಹೆಂಡತಿಗೆಂದು ಒಂದು ಜೊತೆ ಕೈಗವಸು ಕೊಟ್ಟನು. ಅದರೊಳಗೆ ನಲವತ್ತು ಚಿನ್ನದ ನಾಣ್ಯಗಳಿದ್ದವು. ಇವೆಲ್ಲವೂ ದಿನಚರಿಯಲ್ಲಿ ಚಾಚೂ ತಪ್ಪದೆ ದಾಖಲಾಗಿವೆ. ದಾಖಲೆಗಳನ್ನು ಇಡುವ ಅಧಿಕಾರಿಯು ತನ್ನ ಮೇಲಿನ ದೋಷಾರೋಪಣೆಯ ದಾಖಲೆಯನ್ನೂ ತಾನೇ ಅಚ್ಚುಕಟ್ಟಾಗಿ ಇಟ್ಟನು. ಮುಸುಕು ಇಲ್ಲದಿದ್ದರೆ ಇಷ್ಟು ಸತ್ಯ ಬರೆಯುತ್ತಿದ್ದನೆ?

ಈಗ ಎಲಿಜಬೆತ್ತಳ ಕಾಗದದ ವಿಷಯಕ್ಕೆ ಬರುತ್ತೇನೆ. ಪೀಪ್ಸನ ಚರಿತ್ರೆಯನ್ನು ಬರೆಯುವವರು ಇದನ್ನು ಒಂದು ಗೃಹಕಲಹವೆಂದು ದಾಟಿಹೋಗುವುದುಂಟು. ನನಗೆ ಹಾಗೆ ದಾಟಲು ಮನಸ್ಸಾಗುವುದಿಲ್ಲ. ಗಂಡನು ಕಚೇರಿಯಲ್ಲಿಯೂ ನಾಟಕಶಾಲೆಯಲ್ಲಿಯೂ ಕಾಲ ಕಳೆಯುತ್ತಿದ್ದಾಗ ಆಕೆ ಮನೆಯಲ್ಲಿ ಒಬ್ಬಳೇ ಇರುತ್ತಿದ್ದಳು. ತನ್ನ ಒಂಟಿತನವನ್ನೂ ದುಃಖವನ್ನೂ ಒಂದು ಕಾಗದದಲ್ಲಿ ಬರೆದು ಕೊಟ್ಟಳು. ಆತನು ಓದದೆಯೇ ಸುಟ್ಟನು. ಆಕೆಯ ಬಳಿ ಅದರ ನಕಲಿತ್ತು. 1663ರ ಜನವರಿ 9ರಂದು ಆಕೆ ಆ ನಕಲನ್ನು ಪೆಟ್ಟಿಗೆಯಿಂದ ತೆಗೆಸಿ ಆತನ ಮುಂದೆಯೇ ಓದಿದಳು. ಪೀಪ್ಸನಿಗೆ ಉರಿದುಹೋಯಿತು. ಬರೆದದ್ದು ಸುಳ್ಳೆಂದಲ್ಲ, ಬಹುಮಟ್ಟಿಗೆ ನಿಜವೆಂದು ಆತನೇ ಒಪ್ಪಿಕೊಂಡಿದ್ದಾನೆ. ಅದು ಎಲ್ಲರೂ ಓದಬಲ್ಲ ಇಂಗ್ಲಿಷಿನಲ್ಲಿ, ಬಿಚ್ಚು ಅಕ್ಷರದಲ್ಲಿತ್ತು. ಬೇರೆಯವರ ಕೈಗೆ ಸಿಕ್ಕಿದ್ದರೆ ತನ್ನ ಮರ್ಯಾದೆ ಏನಾಗುತ್ತಿತ್ತು ಎಂಬುದೇ ಆತನ ಸಂಕಟ. ಹರಿದುಹಾಕೆಂದನು, ಆಕೆ ಒಪ್ಪಲಿಲ್ಲ. ಕೈಯಿಂದ ಕಿತ್ತುಕೊಂಡು, ಆಕೆಯ ಕಾಗದದ ಕಟ್ಟನ್ನೇ ತೆಗೆದು, ತಾನು ಹಿಂದೆ ಬರೆದಿದ್ದ ಪ್ರೇಮಪತ್ರಗಳ ಸಮೇತ ಒಂದೊಂದಾಗಿ ಆಕೆಯ ಕಣ್ಣೆದುರಿಗೆ ಹರಿದನು. ಆಕೆ ಅಳುತ್ತ ಬೇಡಿಕೊಂಡರೂ ಬಿಡಲಿಲ್ಲ. ಆ ದಿನ ಮುಗಿಯುವ ಮೊದಲೋ ಮರುದಿನವೋ ಈ ಸಂಗತಿಯನ್ನೆಲ್ಲ ತನ್ನ ಶೀಘ್ರಲಿಪಿಯಲ್ಲಿ ಬರೆದಿಟ್ಟನು. ಹೆಂಡತಿಯ ಬರಹ ಚೂರುಚೂರಾಯಿತು, ಗಂಡನ ಬರಹ ಉಳಿಯಿತು. ಆಕೆಗೆ ಶೆಲ್ಟನ್ನನ ಪುಸ್ತಕವನ್ನು ಯಾರೂ ಕಲಿಸಿರಲಿಲ್ಲ.

1665ರ ಪ್ಲೇಗು, 1666ರ ಮಹಾ ಅಗ್ನಿಪ್ರಕೋಪ ಇವುಗಳ ವರ್ಣನೆಗಾಗಿಯೇ ಪೀಪ್ಸನು ಶಾಲಾಪುಸ್ತಕಗಳಲ್ಲಿ ಪ್ರಸಿದ್ಧ. ಆದ್ದರಿಂದ ಅವನ್ನು ಇಲ್ಲಿ ಬೆಳೆಸುವುದಿಲ್ಲ. ಮರಣಪಟ್ಟಿಗಳ ಲೆಕ್ಕದಂತೆಯೇ 68,000ಕ್ಕೂ ಮಿಕ್ಕು ಜನರನ್ನು ನುಂಗಿದ ಪ್ಲೇಗಿನ ವರ್ಷದಲ್ಲಿ, ಸಿರಿವಂತರೆಲ್ಲ ಹಳ್ಳಿಗಳಿಗೆ ಓಡಿದಾಗ, ಆತನು ಬಹುಕಾಲ ಕೆಲಸ ಬಿಡದೆ ಊರಿನಲ್ಲಿಯೇ ನಿಂತನು. ಬೆಂಕಿಯ ಸುದ್ದಿಯನ್ನು ದೊರೆಗೆ ಮುಟ್ಟಿಸಿ, ಮನೆಗಳನ್ನು ಕೆಡವಿಸದೆ ಬೆಂಕಿ ನಿಲ್ಲದೆಂದು ಹೇಳಿದವನು ಆತನೇ. ಮನೆಯ ಸಾಮಾನುಗಳನ್ನು ಬಂಡಿಯಲ್ಲಿ ಹೇರಿಕೊಂಡು, ರಾತ್ರಿಯುಡುಪಿನಲ್ಲಿಯೇ ಬಂಡಿಯ ಮೇಲೆ ಕುಳಿತು ಬೆತ್‌ನಲ್ ಗ್ರೀನಿಗೆ ಸಾಗಿಸಿದನು. ದ್ರಾಕ್ಷಾರಸವನ್ನೂ ಪಾರ್ಮಜಾನ್ ಗಿಣ್ಣನ್ನೂ ತೋಟದಲ್ಲಿ ಹೂಳಿದನು.

ಹೂಳುವ ವಿಷಯ ಬಂದುದರಿಂದ ಇನ್ನೊಂದು ಪ್ರಸಂಗ. 1667ರ ಜೂನಿನಲ್ಲಿ ಡಚ್ಚರ ಹಡಗುಗಳು ಮೆಡ್‌ವೇ ನದಿಯೊಳಕ್ಕೆ ನುಗ್ಗಿ ಆಂಗ್ಲರ ಹಡಗುಗಳನ್ನು ಸುಟ್ಟಾಗ ಪೀಪ್ಸನು ಗಾಬರಿಬಿದ್ದು, 1,300 ಪೌಂಡು ಬೆಲೆಯ ಚಿನ್ನವನ್ನು ಹೆಂಡತಿ ಮತ್ತು ತಂದೆಯ ಕೈಯಲ್ಲಿ ಬ್ರಾಂಪ್ಟನ್ ಹಳ್ಳಿಗೆ ಕಳುಹಿಸಿದನು. ಅವರು ಅದನ್ನು ಹಾಡುಹಗಲಿನಲ್ಲಿ ತೋಟದಲ್ಲಿ ಹೂಳಿದರು. ಅಕ್ಟೋಬರಿನಲ್ಲಿ ಹೋಗಿ ಅಗೆದರೆ ಚೀಲವು ಕೊಳೆತು ನಾಣ್ಯಗಳು ಮಣ್ಣಿನಲ್ಲಿ ಚೆಲ್ಲಾಡಿಹೋಗಿದ್ದವು. ರಾತ್ರಿ ದೀಪ ಹಿಡಿದು, ನೆರೆಮನೆಯವರಿಗೆ ಕೇಳಿಸದಂತೆ, ಗುಮಾಸ್ತ ವಿಲ್ ಹ್ಯೂಯರನೊಡನೆ ಮಣ್ಣನ್ನು ಬಕೆಟ್ಟಿನಲ್ಲಿ ತುಂಬಿ ತೊಳೆದು ಜರಡಿ ಹಿಡಿದು ನಾಣ್ಯ ಹೆಕ್ಕಿದನು. ಇಪ್ಪತ್ತು ಮೂವತ್ತು ನಾಣ್ಯ ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು.

ದಿನಚರಿಯಲ್ಲಿ ಇನ್ನೂ ಒಂದು ಬಗೆಯ ಬರಹವಿದೆ. ಅದನ್ನು ಆತನು ಶೀಘ್ರಲಿಪಿಯಲ್ಲಿ ಬರೆದದ್ದೂ ಸಾಲದೆಂದು ಸ್ಪ್ಯಾನಿಷ್, ಫ್ರೆಂಚ್, ಲ್ಯಾಟಿನ್ ಪದಗಳನ್ನು ಕಲಸಿ ಬರೆದನು. ಕೆಲವೆಡೆ ಬೇಡದ ಅಕ್ಷರಗಳನ್ನು ನಡುವೆ ತುರುಕಿ ಇನ್ನಷ್ಟು ಕೆಡಿಸಿದನು. ಬೀಗದ ಮೇಲೆ ಬೀಗ. ಅವು ಆತನು ಪರಸ್ತ್ರೀಯರೊಡನೆ ನಡೆದುಕೊಂಡ ರೀತಿಯ ವಿವರಗಳು. ಹಿಂದಿನವರು ಇದನ್ನು ರಸಿಕತೆಯೆಂದು ನಕ್ಕು ಬಿಟ್ಟರು. ಆದರೆ ಓದಿ ನೋಡಿದರೆ ಆ ಹೆಂಗಸರಲ್ಲಿ ಹಲವರು ಮನೆಯ ಆಳುಗಳು, ಇಲ್ಲವೇ ಗಂಡನಿಗೆ ಬಡ್ತಿ ಬೇಡಲು ಬಂದ ಹಡಗಿನ ಬಡಗಿಯ ಹೆಂಡತಿಯಂಥವರು. ಬೇಡವೆಂದವಳನ್ನೂ ಬಲವಂತಪಡಿಸಿದ್ದು ಅಲ್ಲಿ ದಾಖಲಾಗಿದೆ. ಅಧಿಕಾರಿಯೊಬ್ಬನ ಅನ್ಯಾಯಕ್ಕೂ ಅದೇ ಮುಸುಕು ನೆರಳಾಯಿತು. 1668ರ ಅಕ್ಟೋಬರ್ 25ರಂದು ಎಲಿಜಬೆತ್ತಳು ತನ್ನ ಸಂಗಾತಿಯಾಗಿದ್ದ ಡೆಬ್ ವಿಲ್ಲೆಟ್ ಎಂಬ ಹುಡುಗಿಯೊಡನೆ ಗಂಡನನ್ನು ಕಣ್ಣಾರೆ ಕಂಡಳು. ಅದಕ್ಕೆ ಯಾವ ಲಿಪಿಯ ಕೀಲಿಯೂ ಬೇಕಾಗಲಿಲ್ಲ.

ದೀಪದ ಬೆಳಕಿನಲ್ಲಿ ಬರೆದು ಬರೆದು ಕಣ್ಣುಗಳು ನೋಯತೊಡಗಿದವು. ಕುರುಡನಾಗುವೆನೆಂಬ ಭಯ ಹೊಕ್ಕಿತು. 1669ರ ಮೇ 31ರಂದು ಪೀಪ್ಸನು ಕೊನೆಯ ಪುಟವನ್ನು ಬರೆದನು. ಅಲ್ಲಿ ಆತನ ಮುಂದೆ ಎರಡು ದಾರಿಗಳಿದ್ದವು. ಇನ್ನು ಮುಂದೆ ಗುಮಾಸ್ತರಿಂದ ಸಾಮಾನ್ಯ ಅಕ್ಷರದಲ್ಲಿ ದಿನಚರಿಯನ್ನು ಬರೆಯಿಸಬಹುದು; ಹಾಗೆ ಮಾಡಿದರೆ ಅವರಿಗೂ ಲೋಕಕ್ಕೂ ತಿಳಿಯಬಹುದಾದಷ್ಟನ್ನು ಮಾತ್ರ ಬರೆಯಿಸಿ ತೃಪ್ತನಾಗಬೇಕು. ಅದಕ್ಕೂ ಮೀರಿದ್ದೇನಾದರೂ ಇದ್ದರೆ ಅಂಚಿನಲ್ಲಿ ಜಾಗ ಬಿಡಿಸಿಕೊಂಡು ತನ್ನ ಕೈಯಿಂದಲೇ ಶೀಘ್ರಲಿಪಿಯಲ್ಲಿ ಅಲ್ಲೊಂದು ಇಲ್ಲೊಂದು ಟಿಪ್ಪಣಿ ಹಾಕಬಹುದು. ಇಷ್ಟನ್ನೂ ಯೋಚಿಸಿ, ಇದು ತನ್ನನ್ನು ತಾನೇ ಸಮಾಧಿಗೆ ಇಳಿಸಿದಷ್ಟು ನೋವಿನ ಕೆಲಸವೆಂದು ಬರೆದು ಪುಸ್ತಕವನ್ನು ಮುಚ್ಚಿದನು. ಮುಂದೆ ಬೇರೆ ಬೇರೆ ಸಂದರ್ಭಗಳಲ್ಲಿ ಕೆಲವು ದಿನವಹಿಗಳನ್ನು ಇಟ್ಟನಾದರೂ ಅವು ಕಚೇರಿಯ ಕಾಗದಗಳಂತೆ ಒಣಗಿವೆ. ಮುಸುಕು ತೆಗೆದೊಡನೆ ಬರೆಯುವವನೇ ಬದಲಾಗಿಬಿಟ್ಟನು. ಸುಮಾರು ಹನ್ನೆರಡೂವರೆ ಲಕ್ಷ ಪದಗಳ ಆ ಮಹಾಗ್ರಂಥ ಮೂವತ್ತಾರನೆಯ ವಯಸ್ಸಿಗೇ ನಿಂತಿತು. ಆತನು ಕುರುಡನಾಗಲಿಲ್ಲ, ಇನ್ನೂ ಮೂವತ್ತನಾಲ್ಕು ವರ್ಷ ಬಾಳಿದನು.

ಅದೇ ವರ್ಷ ನವೆಂಬರ್ 10ರಂದು ಎಲಿಜಬೆತ್ತಳು ಜ್ವರದಿಂದ ತೀರಿಕೊಂಡಳು. ಆಕೆಗಿನ್ನೂ ಇಪ್ಪತ್ತೊಂಬತ್ತು ವರ್ಷ. ಪೀಪ್ಸನು ಮತ್ತೆ ಮದುವೆಯಾಗಲಿಲ್ಲ. ಸಂತ ಓಲೇವರ ಇಗರ್ಜಿಯಲ್ಲಿ ಆಕೆಯ ಅಮೃತಶಿಲೆಯ ಪ್ರತಿಮೆಯನ್ನು ನಿಲ್ಲಿಸಿದನು.

ಮುಂದಿನ ಬದುಕು ಇತಿಹಾಸಕಾರರಿಗೆ ಸೇರಿದ್ದು. 1673ರಲ್ಲಿ ನೌಕಾಡಳಿತದ ಕಾರ್ಯದರ್ಶಿಯಾದನು. ಪಾರ್ಲಿಮೆಂಟಿನ ಸದಸ್ಯನೂ ಆದನು. 1677ರಲ್ಲಿ ಮೂವತ್ತು ಹೊಸ ಯುದ್ಧದ ಹಡಗುಗಳಿಗೆ ಹಣ ಮಂಜೂರು ಮಾಡಿಸಿದನು; ಲೆಫ್ಟಿನೆಂಟರಾಗುವವರಿಗೆ ಪರೀಕ್ಷೆಯನ್ನು ಕಡ್ಡಾಯ ಮಾಡಿದನು. ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದಾಗ ನ್ಯೂಟನ್ನನ ಪ್ರಿನ್ಸಿಪಿಯಾ ಗ್ರಂಥದ ಮುದ್ರಣಕ್ಕೆ ಅನುಮತಿಯಿತ್ತನು. 1687ರಲ್ಲಿ ಹೊರಬಂದ ಆ ಗ್ರಂಥದ ಮುಖಪುಟದಲ್ಲಿ ಪೀಪ್ಸನ ಹೆಸರೂ ಅಚ್ಚಾಗಿದೆ. ನಡುವೆ 1679ರಲ್ಲಿ ವೈರಿಗಳು ಆತನು ಗುಟ್ಟಾಗಿ ಕ್ಯಾಥೊಲಿಕನೆಂದೂ ನೌಕಾಪಡೆಯ ರಹಸ್ಯಗಳನ್ನು ಫ್ರಾನ್ಸಿಗೆ ಮಾರಿದನೆಂದೂ ಆರೋಪಿಸಿ ಲಂಡನ್ನಿನ ಗೋಪುರದಲ್ಲಿ ಸೆರೆಯಿಟ್ಟರು. ಆರೋಪ ಸುಳ್ಳಾಗಿತ್ತು, ಮರುವರ್ಷ ಕೇಸು ಬಿದ್ದುಹೋಯಿತು. ಆ ದಿನಗಳಲ್ಲಿ ದಿನಚರಿಯ ಆರು ಸಂಪುಟಗಳು ಬಿಚ್ಚು ಅಕ್ಷರದಲ್ಲಿ ವೈರಿಗಳ ಕೈಗೆ ಬಿದ್ದಿದ್ದರೆ? ದೇಶದ್ರೋಹ ಅಲ್ಲಿ ಸಿಕ್ಕುತ್ತಿರಲಿಲ್ಲ. ಕೈಗವಸಿನ ಚಿನ್ನ ಸಿಕ್ಕುತ್ತಿತ್ತು, ದೊರೆಯ ಅಂತಃಪುರದ ಮೇಲಿನ ಮಾತುಗಳು ಸಿಕ್ಕುತ್ತಿದ್ದವು. ಅಷ್ಟು ಸಾಕಾಗುತ್ತಿತ್ತೆಂದು ನನ್ನ ಎಣಿಕೆ. ದಿನಚರಿ ಇರುವ ಸುಳಿವನ್ನು ಬರೆಯುತ್ತಿದ್ದ ಕಾಲದಲ್ಲಿ ಆತನು ಕೊಟ್ಟದ್ದು ಇಬ್ಬರಿಗೆ ಮಾತ್ರ. ಅವರಲ್ಲಿ ಒಬ್ಬನಾದ ಸರ್ ವಿಲಿಯಂ ಕವೆಂಟ್ರಿಗೆ 1669ರಲ್ಲಿ ಹೇಳಿದೊಡನೆಯೇ ಯಾಕೆ ಹೇಳಿದೆನೋ ಎಂದು ಮರುಗಿದನು.

1689ರಲ್ಲಿ, ದೊರೆ ಬದಲಾದ ಮೇಲೆ, ಹುದ್ದೆಯನ್ನು ಬಿಟ್ಟು ಪುಸ್ತಕಗಳೊಡನೆ ಕುಳಿತನು. 1703ರ ಮೇ 26ರಂದು ಕ್ಲಾಪಮ್ಮಿನಲ್ಲಿ, ಹಿಂದೆ ತನ್ನ ಗುಮಾಸ್ತನಾಗಿದ್ದ ಹ್ಯೂಯರನ ಮನೆಯಲ್ಲಿ, ಕಣ್ಣು ಮುಚ್ಚಿದನು. ಹೆಂಡತಿಯ ಪಕ್ಕದಲ್ಲಿಯೇ ಹೂಳಿದರು.

ಆತನ ಗ್ರಂಥಭಂಡಾರವು ಸರಿಯಾಗಿ 3,000 ಸಂಪುಟಗಳದು. ಅತಿ ಸಣ್ಣದಕ್ಕೆ ಒಂದನೆಯ ಸಂಖ್ಯೆ, ಅತಿ ದೊಡ್ಡದಕ್ಕೆ ಮೂರು ಸಾವಿರದ ಸಂಖ್ಯೆ. ಎತ್ತರದ ಕ್ರಮದಲ್ಲಿ ಜೋಡಣೆ. ಸೋದರಳಿಯ ಜಾನ್ ಜಾಕ್ಸನ್ನನ ಕಾಲಾನಂತರ ಅದು ಮಾಡ್ಲಿನ್ ಕಾಲೇಜಿಗೆ ಹೋಗಬೇಕು; ಅದಕ್ಕೆ ಒಂದು ಪುಸ್ತಕವನ್ನೂ ಸೇರಿಸಕೂಡದು, ಅದರಿಂದ ಒಂದನ್ನೂ ತೆಗೆಯಕೂಡದು; ಟ್ರಿನಿಟಿ ಕಾಲೇಜಿನವರು ವರ್ಷಕ್ಕೊಮ್ಮೆ ಬಂದು ತನಿಖೆ ಮಾಡಬೇಕು; ತಪ್ಪು ಕಂಡರೆ ಭಂಡಾರವೇ ಟ್ರಿನಿಟಿಯ ಪಾಲು. ಒಬ್ಬ ಕಾವಲುಗಾರನ ಮೇಲೆ ಇನ್ನೊಬ್ಬನನ್ನು ಕಾವಲಿಟ್ಟ ಈ ಉಪಾಯ ನೌಕಾ ಇಲಾಖೆಯ ಹಳೆಯ ಅಧಿಕಾರಿಗೆ ತಕ್ಕುದೇ ಆಗಿದೆ. 1724ರಲ್ಲಿ ಪುಸ್ತಕಗಳು ಕಪಾಟುಗಳ ಸಮೇತ ಕೇಂಬ್ರಿಜ್ಜಿಗೆ ಬಂದವು. ಆರು ಸಂಪುಟಗಳ ದಿನಚರಿಯೂ ಅವುಗಳೊಳಗೆ ಒಂದಾಗಿ ಬಂದು ಸುಮಾರು ನೂರು ವರ್ಷ ಸದ್ದಿಲ್ಲದೆ ಕುಳಿತಿತ್ತು.

1818ರಲ್ಲಿ ಪೀಪ್ಸನ ಗೆಳೆಯ ಜಾನ್ ಈವ್‌ಲಿನ್ನನ ದಿನಚರಿ ಅಚ್ಚಾಗಿ ಜನಪ್ರಿಯವಾದಾಗ ಮಾಡ್ಲಿನ್ನಿನವರಿಗೆ ತಮ್ಮ ಕಪಾಟಿನ ನೆನಪಾಯಿತು. ಲಾರ್ಡ್ ಗ್ರೆನ್‌ವಿಲ್ ಎಂಬ ಹಿರಿಯರು ಕೆಲವು ಪುಟಗಳನ್ನು ಬಿಡಿಸಿ ಇದು ಸಾಧ್ಯವೆಂದು ತೋರಿಸಿದರು. ಉಳಿದದ್ದನ್ನು ಬಿಡಿಸುವ ಕೆಲಸ ಸಂತ ಜಾನರ ಕಾಲೇಜಿನ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಯ ಪಾಲಿಗೆ ಬಂತು. 1819ರಿಂದ 1822ರವರೆಗೆ, ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ಕುಳಿತು, ಐವತ್ತನಾಲ್ಕು ನೋಟುಪುಸ್ತಕಗಳಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕು ಪುಟಗಳನ್ನು ಬಿಚ್ಚು ಅಕ್ಷರಕ್ಕೆ ಇಳಿಸಿದನು. ಸಂಭಾವನೆ 200 ಪೌಂಡು. ಈ ಮಹಾ ಸಾಹಸದ ನಡುವೆ ಆತನಿಗೆ ತಿಳಿಯದೇ ಹೋದ ಸಂಗತಿಯೊಂದಿದೆ. ಶೆಲ್ಟನ್ನನ ಕೈಪಿಡಿಯು ಅದೇ ಗ್ರಂಥಭಂಡಾರದಲ್ಲಿ, ದಿನಚರಿಯಿದ್ದ ಕೋಣೆಯಲ್ಲಿಯೇ ಇತ್ತು! ಅಷ್ಟೇ ಅಲ್ಲ, 1680ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ವೂಸ್ಟರ್ ಕದನದ ನಂತರ ತಾನು ತಪ್ಪಿಸಿಕೊಂಡ ಕಥೆಯನ್ನು ಹೇಳಿದಾಗ ಪೀಪ್ಸನು ಶೀಘ್ರಲಿಪಿಯಲ್ಲಿ ಬರೆದುಕೊಂಡ ಪ್ರತಿಯೂ, ಅದರ ಬಿಚ್ಚು ಅಕ್ಷರದ ಪ್ರತಿಯೂ ಅಲ್ಲಿಯೇ ಇದ್ದವು. ಕೀಲಿಕೈ ಬಾಗಿಲ ಪಕ್ಕದ ಮೊಳೆಗೇ ನೇತುಹಾಕಿತ್ತು. ಸ್ಮಿತ್ತನು ಮೂರು ವರ್ಷ ಬೀಗವನ್ನು ಅರದಿಂದ ತಿಕ್ಕಿದನು.

ಪೀಪ್ಸನು ಕೀಲಿಯನ್ನು ಅಲ್ಲಿ ಮರೆತುಬಿಟ್ಟನೆ, ಬೇಕೆಂದೇ ಇಟ್ಟನೆ? ಶೀಘ್ರಲಿಪಿಯ ಕೈಪಿಡಿಗಳನ್ನು ಸಂಗ್ರಹಿಸಿ ಕಟ್ಟು ಹಾಕಿಸಿ ಪಟ್ಟಿಗೆ ಸೇರಿಸಿದ ಮನುಷ್ಯ ಮರೆತಿರಲಾರನು. ತಾನೂ ತನ್ನ ಕಾಲದವರೂ ಹೋದ ಮೇಲೆ ಯಾರಾದರೂ ಓದಲಿ ಎಂದೇ ಇಟ್ಟಿರಬೇಕೆಂದು ನಾನು ನಂಬುತ್ತೇನೆ.

ಇಂದಿನ ಡೇಟಾಬೇಸುಗಳ ವಿಷಯದಲ್ಲಿ ಮಾತ್ರ ಈ ಔದಾರ್ಯ ಅಪಾಯಕರ. ಅಲ್ಲಿ ಬರಹವು ಡಿಸ್ಕಿನ ಮೇಲೆ ಕುಳಿತಿರುವಾಗ ಗೂಢವಾಗಿರುತ್ತದೆ; ಅಧಿಕಾರವುಳ್ಳವನು ಕೇಳಿದಾಗ ಯಂತ್ರವೇ ಬಿಡಿಸಿ ಕೊಡುತ್ತದೆ. ಡಿಸ್ಕನ್ನೋ ಅದರ ನಕಲನ್ನೋ ಕದ್ದವನ ಕೈಗೆ ಗೀರುಗಳಷ್ಟೇ ಸಿಗುತ್ತವೆ. ಆದರೆ ಕೀಲಿಯನ್ನೂ ಅದೇ ಡಿಸ್ಕಿನಲ್ಲಿ ಇಟ್ಟರೆ ಮುಸುಕು ಇದ್ದೂ ಇಲ್ಲದಂತೆ. ಕೀಲಿ ಕಳೆದುಹೋದರೆ ಯಾವ ಸ್ಮಿತ್ತನೂ ಎಷ್ಟು ವರ್ಷ ಕುಳಿತರೂ ಬಿಡಿಸಲಾರನು. ಶೆಲ್ಟನ್ನನ ಲಿಪಿಗೂ ಇಂದಿನ ಲಿಪಿಗೂ ಇರುವ ಅಂತರ ಅದು. ಮತ್ತು ಪಾಸ್‌ವರ್ಡ್ ಪಡೆದು ಒಳಗೆ ಕುಳಿತವನ ಕಳ್ಳತನವನ್ನು ಈ ಮುಸುಕು ತಡೆಯುವುದಿಲ್ಲ. ಪೀಪ್ಸನ ಕಪಟಕ್ಕೆ ಪೀಪ್ಸನ ಲಿಪಿ ತಡೆಯಾಗಲಿಲ್ಲವಷ್ಟೆ. ಮುಸುಕನ್ನು ಮಧ್ಯದಲ್ಲಿ ಹಾಕುವುದಾಗಲಿ ತೆಗೆಯುವುದಾಗಲಿ ಎಲ್ಲೆಡೆಯೂ ಗುಂಡಿ ಒತ್ತಿದಷ್ಟು ಸುಲಭವೂ ಅಲ್ಲ. ಅಮೆಜಾನ್ ಕಂಪನಿಯ ಆರ್. ಡಿ. ಎಸ್. ಎಂಬ ಸೇವೆಯಲ್ಲಿ ಬಿಚ್ಚಾಗಿ ಆರಂಭಿಸಿದ ಡೇಟಾಬೇಸಿಗೆ ಇದ್ದಲ್ಲಿಯೇ ಮುಸುಕು ಹಾಕಲಾಗದು. ಅದರ ಪ್ರತಿ ತೆಗೆದು, ಆ ಪ್ರತಿಯನ್ನು ಗೂಢಲಿಪಿಗೆ ನಕಲು ಮಾಡಿ, ಅದರಿಂದ ಹೊಸ ಡೇಟಾಬೇಸನ್ನು ಎಬ್ಬಿಸಬೇಕು. ಹಾಕಿದ ಮುಸುಕನ್ನು ತೆಗೆಯಲಂತೂ ಬಾರದು. ಬರಹವನ್ನೆಲ್ಲ ಹೊರತೆಗೆದು ಬೇರೊಂದು ಬಿಚ್ಚು ಡೇಟಾಬೇಸಿಗೆ ಸುರಿಯಬೇಕು. ಸ್ಮಿತ್ತನ ಐವತ್ತನಾಲ್ಕು ನೋಟುಪುಸ್ತಕಗಳೂ ಹಾಗೆಯೇ. ಮೂಲದ ಒಂದು ಗೀರನ್ನೂ ಅವನು ಮುಟ್ಟಲಿಲ್ಲ.

1825ರಲ್ಲಿ ಲಾರ್ಡ್ ಬ್ರೇಬ್ರೂಕನು ಸ್ಮಿತ್ತನ ನಕಲಿನಿಂದ ಸುಮಾರು ಕಾಲುಭಾಗವನ್ನು ಮಾತ್ರ ಆರಿಸಿ ಅಚ್ಚು ಹಾಕಿಸಿದನು. ಲಿಪಿಯ ಮುಸುಕು ಹೋಗಿ ಸಂಪಾದಕನ ಕತ್ತರಿಯ ಮುಸುಕು ಬಂತು. 1870ರ ದಶಕದಲ್ಲಿ ಮೈನರ್ಸ್ ಬ್ರೈಟ್ ಹೊಸದಾಗಿ ಬಿಡಿಸಿ ಹೆಚ್ಚು ಭಾಗವನ್ನು ಪ್ರಕಟಿಸಿದನು. 1893ರಿಂದ ವೀಟ್ಲಿಯು ಬಹುಪಾಲು ಪೂರ್ತಿಯಾಗಿ ಕೊಟ್ಟರೂ ನಾಚಿಕೆಯ ಭಾಗಗಳ ಜಾಗದಲ್ಲಿ ಚುಕ್ಕೆಗಳನ್ನಿಟ್ಟನು. ಒಂದೂ ಪದ ಬಿಡದ ಆವೃತ್ತಿ, ರಾಬರ್ಟ್ ಲೇಥಮ್ ಮತ್ತು ವಿಲಿಯಂ ಮ್ಯಾಥ್ಯೂಸ್ ಸಂಪಾದಿಸಿದ ಹನ್ನೊಂದು ಸಂಪುಟಗಳು, 1970 ಮತ್ತು 1983ರ ನಡುವೆ ಹೊರಬಂತು. ಬಡಗಿಯ ಹೆಂಡತಿಗೆ ಏನಾಯಿತೆಂಬುದು ಆಗ ಪೂರ್ತಿಯಾಗಿ ಹೊರಬಿತ್ತು.

ಜಾನ್ ಸ್ಮಿತ್ತನು ಮುಂದೆ ಪಾದ್ರಿಯಾಗಿ ಹರ್ಟ್‌ಫರ್ಡ್‌ಷೈರಿನ ಬಾಲ್ಡಾಕ್ ಊರಿನಲ್ಲಿ ಬಾಳಿ 1870ರಲ್ಲಿ ತೀರಿಕೊಂಡನು. ದಿನಚರಿಯ ಸಂಪುಟಗಳು ಪೀಪ್ಸನು ಮಾಡಿಸಿದ ಓಕ್ ಮರದ ಕಪಾಟುಗಳ ನಡುವೆ ಮಾಡ್ಲಿನ್ ಕಾಲೇಜಿನಲ್ಲಿ ಇಂದಿಗೂ ಇವೆ. ಶೆಲ್ಟನ್ನನ ಕೈಪಿಡಿಯೂ ಅಲ್ಲಿಯೇ ಇದೆ.